ಹಸೈನಾರ್ ಹೇಳಿದ ಬೆಕ್ಕಿನ ಸಿನಿಮಾ

ಫಹಾಹೀಲಿನ ನಮ್ಮ ರೂಮಿನಲ್ಲಿ ಐದು ಮಂಚ, ಒಂದು ಲ್ಯಾಪ್‌ಟಾಪ್.
ಗುರುವಾರ ರಾತ್ರಿ ಅದನ್ನು ಅಕ್ಕಿಮೂಟೆಯ ಮೇಲಿಟ್ಟು
ಲೈಟು ಆರಿಸಿದೆವು.
ಮಾತು ಕೊರಿಯಾದ್ದು,
ಕೆಳಗೆ ಓಡುವ ಅಕ್ಷರ ಅರಬ್ಬಿ,
ಅದನ್ನು ಕನ್ನಡಕ್ಕೆ ಇಳಿಸುವವನು ಹಸೈನಾರ್,
ಹತ್ತೊಂಬತ್ತು ವರ್ಷದಿಂದ ಇಲ್ಲಿ ಟೈಲರ್,
ಅಳತೆಗಿಂತ ಒಂದಿಂಚು ಹೆಚ್ಚೇ ಬಿಟ್ಟು ಕತ್ತರಿಸುವ ಕೈ.

ಕತೆ ಇಷ್ಟು:
ಹಳೇ ಕಟ್ಟಡ ಕೆಡವುತ್ತಾರೆ. ನೆಲಮಾಳಿಗೆಯಲ್ಲಿ
ಬೆಕ್ಕುಗಳು ಮರಿ ಹಾಕಿರುವುದು ಗೊತ್ತಿದ್ದೂ
ಕಾಂಕ್ರೀಟು ಸುರಿಯುತ್ತಾರೆ.
ಹೊಸ ಮನೆಗೆ ಬಂದವರು ನಡುರಾತ್ರಿ
ಎದೆಯ ಮೇಲೆ ಏನೋ ಬಂದು ಕೂತಂತಾಗಿ ಏಳುತ್ತಾರೆ.
ಏಳದವರೂ ಇದ್ದಾರೆ.
ಬೆಳಿಗ್ಗೆ ಅವರ ಅಂಗಿಯ ಮೇಲೆ
ಸಿಮೆಂಟಿನ ಪುಟ್ಟ ಹೆಜ್ಜೆಗಳು, ಇನ್ನೂ ಹಸಿ.

ಮುಗಿದಾಗ ಒಂದು ಗಂಟೆ.
ಲೈಟು ಹಾಕಲು ಯಾರೂ ಏಳಲಿಲ್ಲ.

ಶಟರಿಂಗ್ ಕೆಲಸದ ಗುರುಪಾದಪ್ಪ, ಆಳಂದದವನು, ಮೊದಲು ಬಾಯಿಬಿಟ್ಟ:
"ಎಲ್ಲಾ ಸುಳ್ಳದ. ವೈಬ್ರೇಟರ್ ಹಚ್ಚಿದ ಮ್ಯಾಲ
ನಮ್ಮ ಬೂಟಿನ ಗುರ್ತೇ ಉಳಿಯಂಗಿಲ್ಲ,
ಬೆಕ್ಕಿಂದು ಎಲ್ಲಿಂದ ಬರ್ತದ?"
ಭೂತದ ಬಗ್ಗೆ ಅವನ ತಕರಾರಿಲ್ಲ,
ತಕರಾರು ಗಾರೆಯ ಬಗ್ಗೆ.

ಆಲ್ಬನ್‌ಗೆ ಮ್ಯೂಸಿಕ್ಕು ಅತಿಯಾಯಿತು.
"ಹೆದರಿಸುವವರು ಸದ್ದು ಮಾಡ್ತಾರಾ?
ನಮ್ಮ ಶೆಫ್ ನೋಡು. ಸುಮ್ಮನೆ ಬಂದು ಹಿಂದೆ ನಿಲ್ತಾನೆ."

ಮೀನು ಮಾರ್ಕೆಟ್ಟಿನ ಸಂಜೀವ ಖಾರ್ವಿ ನಗುತ್ತಲೇ ಇದ್ದ.
ಅವನ ಕಾಲ ಸುತ್ತ ದಿನಕ್ಕೆ ನಲವತ್ತು ಬೆಕ್ಕು,
ಒಂದಕ್ಕೂ ಸೇಡಿಲ್ಲ, ಹಸಿವಷ್ಟೇ.
"ಒಂದ್ ಬೈಗಿ ತಲಿ ಬಿಸಾಡಿರೆ
ಕತಿ ಅಲ್ಲೇ ಮುಗೀತಿತ್ತ್ ಮಾರಾಯ."
ಆಮೇಲೆ ಕಾಲು ಮಡಚಿ ಮಂಚದ ಮೇಲೆಳೆದುಕೊಂಡ.

"ಆ ತಾಯಿಬೆಕ್ಕಿನ ಮಾತು ಮಾತ್ರ ಚೆನ್ನಾಗಿತ್ತು" ಎಂದ ಆಲ್ಬನ್,
"ನನ್ನ ಮಕ್ಕಳನ್ನು ಎಣಿಸಿದಿರಾ, ಅಂತ ಕೇಳ್ತದಲ್ಲ."

ಹಸೈನಾರ್ ಬೀಡಿ ಹುಡುಕುತ್ತ ಹೇಳಿದ:
"ಅದು ಸಿನಿಮಾದಲ್ಲಿ ಇಲ್ಲ.
ಬೆಕ್ಕು ಕೂಗುತ್ತದೆ, ಅಂತಷ್ಟೇ ಬರೆದಿದ್ದರು.
ಬೆಕ್ಕು ಸುಮ್ಮನೆ ಕೂಗ್ತದಾ?"

ಆಗ ಎಲ್ಲರೂ ನನ್ನ ಮಂಚದ ಕಡೆ ತಿರುಗಿದರು:
ನೀನು ಹೇಳು ಉಮಾನಾಥ,
ಬೆಕ್ಕಿನ ಹೋಟೆಲಿನ ವ್ಯಾನು ಓಡಿಸುವವನು ನೀನಲ್ಲವಾ.

ಪರವಾಗಿಲ್ಲ ಎಂದೆ.
ಸ್ವಲ್ಪ ಉದ್ದವಾಯಿತು ಎಂದೆ.

ಜುಲೈಯಲ್ಲಿ ಯಜಮಾನರು ವಿಮಾನ ಹತ್ತುತ್ತಾರೆ.
ಕೆಲವರು ತಿರುಗಿ ಬರುವುದಿಲ್ಲ, ದುಡ್ಡೂ ಬರುವುದಿಲ್ಲ.
ಖಾಲಿ ಮಾಡು, ಎನ್ನುತ್ತಾನೆ ಮುದೀರ್.
ತೂತು ಕೊರೆದ ಬಾಳೆಹಣ್ಣಿನ ಡಬ್ಬಗಳಲ್ಲಿ
ನಾನೇ ಬಾಚಿದ ರೋಮ, ನಾನೇ ಒರೆಸಿದ ಕಣ್ಣು,
ಇಪ್ಪತ್ತೆರಡು ಡಿಗ್ರಿಯಲ್ಲೇ ಬೆಳೆದವು.
ವಫ್ರಾ ರಸ್ತೆಯ ಬದಿ, ಮಧ್ಯಾಹ್ನ, ನಲವತ್ತೊಂಬತ್ತು.
ಡಬ್ಬ ತೆರೆದರೂ ಅವು ಇಳಿಯಲಿಲ್ಲ.
ಹನ್ನೊಂದು.
ಎಣಿಸಿದ್ದೆ. ಕಾಗದಕ್ಕೆ ಸಹಿ ಹಾಕಬೇಕಿತ್ತು.

ಬೆಕ್ಕು ಕೊಂದವರು ಚಿನ್ನದ ಬೆಕ್ಕು ಮಾಡಿಸಿ
ಕಾಶಿಗೆ ಕೊಡಬೇಕೆಂದು ಅಜ್ಜಿ ಹೇಳುತ್ತಿದ್ದಳು.
ನಾನು ಕೊಂದಿಲ್ಲ. ಬಿಟ್ಟೆ.
ಬಿಟ್ಟವರು ಯಾವುದರದ್ದು ಮಾಡಿಸಬೇಕೆಂದು
ಅವಳು ಹೇಳಿರಲಿಲ್ಲ.

ಶುಕ್ರವಾರ ಸಂಜೆ ಚಿನ್ನದಂಗಡಿಗೆ ಹೋದೆ.
ಬೆಕ್ಕಿನಾಕಾರದ್ದು ಇದೆಯಾ ಎಂದೆ.
ಕೋಝಿಕ್ಕೋಡಿನ ಹುಡುಗ ನಕ್ಕ, ಮಗಳಿಗಾ ಎಂದ,
ಒಂದು ಪೆಂಡೆಂಟು ತಂದಿಟ್ಟ,
ಹಸಿರು ಕಲ್ಲಿನ ಕಣ್ಣು. ಇದೊಂದೇ ಪೀಸು ಉಳಿದಿರುವುದು.

ಅಂಗೈಯಲ್ಲಿ ಮಗುಚಿ ನೋಡಿದೆ.
ಹೊಟ್ಟೆ ಪೊಳ್ಳು. ಒಂದೂವರೆ ಗ್ರಾಮು.
ಎದೆಯ ಮೇಲಿಟ್ಟು ಮಲಗಿದರೂ
ಗೊತ್ತಾಗುವಂಥದ್ದಲ್ಲ.